ದೊಡ್ಡ ಕೆರೆಯ ರಾಜನೂ ಬಳ್ಳಿಗಾವಿಯ ಕಲ್ಲೂ

ದಸರಾ ರಜೆಗೆ ಶಿವಮೊಗ್ಗದಿಂದ ತಂಗಿಯ ಸಂಸಾರ ಬಂದಿತ್ತು. ಊರಿಂದ ಬಂದವರನ್ನು ಭೋಪಾಲದಲ್ಲಿ ಮೊದಲು ಎಲ್ಲಿಗೆ ಕರೆದೊಯ್ಯಬೇಕೆಂದು ನಮ್ಮ ಕನ್ನಡ ಸಂಘದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ಹೊತ್ತಿಗೆ ವಿಐಪಿ ರಸ್ತೆ, ಎದುರಿಗೆ ಬಡಾ ತಾಲಾಬ್, ನೀರಿನೊಳಗಿನ ಬುರುಜಿನ ಮೇಲೆ 2011ರಲ್ಲಿ ನಿಲ್ಲಿಸಿದ ಭೋಜರಾಜನ ಪ್ರತಿಮೆ. ಫೋಟೋಗಳೆಲ್ಲ ಆದಮೇಲೆ ಆರನೇ ಕ್ಲಾಸಿನ ಹುಡುಗಿ ಕೇಳಿದಳು: "ದೊಡ್ಡಮ್ಮ, ಭೋಜರಾಜ ಒಬ್ನೇ ನಿಂತಿದಾನಲ್ಲ, ಕಾಳಿದಾಸ ಎಲ್ಲಿ?"

ಕನ್ನಡದ ಮನೆಯಲ್ಲಿ ಬೆಳೆದ ಮಗು ಬೇರೆ ಏನು ಕೇಳೀತು? ನಮಗೆಲ್ಲ ಭೋಜ ಎಂದರೆ 1983ರ 'ಕವಿರತ್ನ ಕಾಳಿದಾಸ'. ಸಿಂಹಾಸನದ ಮೇಲೆ ಶ್ರೀನಿವಾಸಮೂರ್ತಿ, ಎದುರಿಗೆ ರಾಜ್‌ಕುಮಾರ್. ಆದರೆ ಈ ಕೆರೆಗೆ ಹೆಸರು ಕೊಟ್ಟ ಪರಮಾರ ಭೋಜ ಹನ್ನೊಂದನೆಯ ಶತಮಾನದವನು. ಕಾಳಿದಾಸ ಅವನಿಗಿಂತ ಐದಾರು ಶತಮಾನ ಹಿಂದಿನವನು. ಇಬ್ಬರನ್ನೂ ಒಂದೇ ಆಸ್ಥಾನದಲ್ಲಿ ಕೂರಿಸಿದ್ದು 'ಭೋಜಪ್ರಬಂಧ'ದಂಥ ಕಥಾಸಂಗ್ರಹಗಳು. ಅದನ್ನು ಬರೆದವನ ಹೆಸರು ಬಲ್ಲಾಳ ಎಂದು ಓದಿದಾಗ ನನ್ನ ಕಿವಿ ನೆಟ್ಟಗಾಯಿತು. ಹೊಯ್ಸಳರ ಕಡೆಯವನೇನಾದರೂ ಸಿಕ್ಕನೇ ಎಂದು ಬೆನ್ನು ಹತ್ತಿದರೆ, ಅವನು ಕಾಶಿಯವನು, ಭೋಜನಿಗಿಂತ ಎಷ್ಟೋ ನೂರು ವರ್ಷ ಈಚಿನವನು. ಆ ನಂಟನ್ನು ಅಲ್ಲಿಗೇ ಕೈಬಿಟ್ಟೆ.

ಹುಡುಗಿ ಬಿಡಲಿಲ್ಲ. "ಹಾಗಾದ್ರೆ ಇವನಿಗೂ ನಮಗೂ ಏನೂ ಇಲ್ವಾ?"

ಇದೆ. ಆದರೆ ಸಂಘದ ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸುವಂಥದ್ದಲ್ಲ. ಮೂರು ತಲೆಮಾರಿನ ಕಡು ಹಗೆತನ ಅದು.

ಭೋಜನ ಮನೆತನದವರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಮಾನ್ಯಖೇಟದ ಕೈ ಸಡಿಲಾದಾಗ ಸಾಮಂತರೇ ತಿರುಗಿ ಬಿದ್ದರು. ಭೋಜನ ಅಜ್ಜ ಸೀಯಕ ನರ್ಮದೆ ದಾಟಿ ದಕ್ಷಿಣಕ್ಕೆ ನುಗ್ಗಿ, ಖೊಟ್ಟಿಗನ ಕಾಲದಲ್ಲಿ ಮಾನ್ಯಖೇಟವನ್ನೇ ಕೊಳ್ಳೆಹೊಡೆದ. ಮಾನ್ಯಖೇಟವೆಂದರೆ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ, 'ಕವಿರಾಜಮಾರ್ಗ' ಹುಟ್ಟಿದ ರಾಜಧಾನಿ. ಅಲ್ಲಿದ್ದ ಅಪಭ್ರಂಶ ಕವಿ ಪುಷ್ಪದಂತ ಆ ಲೂಟಿಗೆ ಮರುಗಿದ್ದಾನೆ.

ಈ ಲೂಟಿ ಯಾವ ವರ್ಷ ನಡೆಯಿತೆಂದು ನಮಗೆ ತಿಳಿಸಿದ ದಾಖಲೆ ಒಂದು ನಿಘಂಟು! ಮಾಳವದ ಪರಮಾರರ ಧಾರಾನಗರದಲ್ಲಿ ಧನಪಾಲನೆಂಬ ಪಂಡಿತನಿದ್ದ. ತಂಗಿ ಸುಂದರಿಗೆ ಓದಿಕೊಳ್ಳಲೆಂದು 'ಪಾಇಯಲಚ್ಛೀ' ಎಂಬ ಪ್ರಾಕೃತ ಶಬ್ದಕೋಶ ಬರೆದುಕೊಟ್ಟ. ಮುಗಿಸುವಾಗ, ಇದನ್ನು ಬರೆದದ್ದು ವಿಕ್ರಮ ಸಂವತ್ 1029ರಲ್ಲಿ, ಮಾಳವರ ದಾಳಿಗೆ ಸಿಕ್ಕಿ ಮಾನ್ಯಖೇಟ ಸೂರೆಯಾದಾಗ ಎಂದು ಕಾಲ ಗುರುತಿಸಿಟ್ಟ. ನಮ್ಮ ಲೆಕ್ಕದಲ್ಲಿ ಕ್ರಿ.ಶ. 972ರ ಆಸುಪಾಸು. ಅಣ್ಣನಿಗೆ ಅದು ತಾರೀಖು ನೆನಪಿಡಲು ಒಂದು ಗುರುತು ಅಷ್ಟೆ. ನಾನು ಅದನ್ನು ಓದಿದ ದಿನ ಮನೆಯಲ್ಲಿ ಎಲ್ಲರಿಗೂ ಹೇಳಿ ಹೇಳಿ ಬೇಸರ ಹಿಡಿಸಿಬಿಟ್ಟೆ. ಕನ್ನಡ ನಾಡಿನ ರಾಜಧಾನಿ ಹಾಳಾದ ವರ್ಷವನ್ನು ಶತ್ರುವಿನ ಊರಿನಲ್ಲಿ ಒಬ್ಬ ಅಣ್ಣ ತಂಗಿಯ ಪಠ್ಯಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಇದೇ ಧನಪಾಲ ಮುಂದೆ ಭೋಜನ ಕಾಲಕ್ಕೂ ಬಾಳಿ 'ತಿಲಕಮಂಜರಿ' ಬರೆದ.

ಸೀಯಕನ ಮಗ ಮುಂಜ. ರಾಷ್ಟ್ರಕೂಟರನ್ನು ಸೋಲಿಸಿದ ಮನೆಯವನಾದರೂ ಅಮೋಘವರ್ಷ, ಪೃಥ್ವೀವಲ್ಲಭ ಎಂಬ ಅವರ ಬಿರುದುಗಳನ್ನೇ ತೊಟ್ಟುಕೊಂಡ. ಅಷ್ಟರಲ್ಲಿ ಇತ್ತ ರಾಷ್ಟ್ರಕೂಟರ ಜಾಗಕ್ಕೆ ಚಾಲುಕ್ಯ ತೈಲಪ ಬಂದಿದ್ದ, ರನ್ನನಿಗೆ ಆಶ್ರಯ ಕೊಟ್ಟ ತೈಲಪ. ಗೋದಾವರಿ ದಾಟಬೇಡ ಎಂದು ಮಂತ್ರಿ ರುದ್ರಾದಿತ್ಯ ಹೇಳಿದ್ದನ್ನು ಕೇಳದೆ ಮುಂಜ ದಾಟಿದ, ಸಿಕ್ಕಿಬಿದ್ದ, ಸೆರೆಮನೆಯಲ್ಲಿ ತೈಲಪನ ತಂಗಿ ಮೃಣಾಲವತಿಯನ್ನು ಪ್ರೀತಿಸಿದ, ತಪ್ಪಿಸಿಕೊಳ್ಳುವ ಗುಟ್ಟನ್ನು ಅವಳಿಗೆ ಹೇಳಿ ಕೆಟ್ಟ ಎಂಬುದು ಗುಜರಾತಿನ ಮೇರುತುಂಗ ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಹೇಳಿದ ಕಥೆ. ಕೆ. ಎಂ. ಮುನ್ಶಿ ಅದನ್ನೇ ಕಾದಂಬರಿ ಮಾಡಿದರು. 1943ರಲ್ಲಿ ಸೊಹ್ರಾಬ್ ಮೋದಿ ಸಿನಿಮಾ ತೆಗೆದು ದುರ್ಗಾ ಖೋಟೆಯವರನ್ನು ಮೃಣಾಲವತಿ ಮಾಡಿದರು. ಮೃಣಾಲವತಿಯ ಪ್ರೇಮ ಎಷ್ಟು ನಿಜವೋ, ನಾನಂತೂ ನಂಬುವುದಿಲ್ಲ. ಅವನು ಸೆರೆಸಿಕ್ಕಿದ್ದನ್ನು ಮಾತ್ರ ಚಾಲುಕ್ಯ ಶಾಸನಗಳು ಹೆಮ್ಮೆಯಿಂದ ಹೇಳುತ್ತವೆ.

ಆ ಮುಂಜನ ತಮ್ಮನ ಮಗನೇ ಭೋಜ. ದೊಡ್ಡಪ್ಪನ ಸಾವಿನ ಬಾಕಿ ಅವನ ತಲೆಯ ಮೇಲಿತ್ತು. 1020ರಲ್ಲಿ ಅವನು ಹೊರಡಿಸಿದ ಎರಡು ತಾಮ್ರಶಾಸನಗಳು ಸಿಕ್ಕಿವೆ, ಒಂದು ರಾಜಸ್ಥಾನದ ಬಾಂಸವಾಡಾದಲ್ಲಿ, ಇನ್ನೊಂದು ಇಂದೋರಿನ ಪಕ್ಕದ ಬೇಟ್ಮಾದಲ್ಲಿ. ಎರಡರಲ್ಲೂ ಕೊಂಕಣ ಗೆದ್ದ ಹಬ್ಬದಂದು ದಾನ ಕೊಟ್ಟೆನೆಂಬ ಮಾತಿದೆ. ಅದೇ ಹೊತ್ತಿಗೆ, 1019ರಲ್ಲಿ, ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಒಂದು ಶಾಸನ ಹುಟ್ಟಿತು. ಅದು ತೈಲಪನ ಮೊಮ್ಮಗ ಇಮ್ಮಡಿ ಜಯಸಿಂಹನನ್ನು ಭೋಜನೆಂಬ ತಾವರೆಗೆ ಚಂದ್ರ ಎಂದು ಹೊಗಳುತ್ತದೆ. ಚಂದ್ರ ಬಂದರೆ ತಾವರೆ ಮುದುಡಬೇಕಲ್ಲ, ಅದು ಅಲ್ಲಿಯ ಚಮತ್ಕಾರ. ಮಾಳವರ ಒಕ್ಕೂಟವನ್ನು ಹುಡುಕಿ ಅಟ್ಟಿ ಓಡಿಸಿದನಂತೆ. ಅಲ್ಲಿ ನೋಡಿದರೆ ಗೆಲುವಿನ ಹಬ್ಬ, ಇಲ್ಲಿ ನೋಡಿದರೆ ಶತ್ರು ಓಟ ಕಿತ್ತ ಸುದ್ದಿ. ಚುನಾವಣೆ ಮುಗಿದ ಸಂಜೆ ಎರಡೂ ಪಕ್ಷದವರು ಪಟಾಕಿ ಹೊಡೆದಂತೆ.

ತಂಗಿಯ ಮಗಳಿಗೆ ಇದು ಬಹಳ ಹಿಡಿಸಿತು. ಬಳ್ಳಿಗಾವಿ ಅವಳ ಶಾಲೆಯವರು ಪ್ರವಾಸ ಹೋದ ಊರು. ಅಲ್ಲಿಯ ಕಲ್ಲೊಂದರಲ್ಲಿ ಈ ಭೋಪಾಲದ ಪ್ರತಿಮೆಯವನ ಹೆಸರಿದೆ ಎಂದರೆ ಸಣ್ಣ ಮಾತೇ?

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಜಯಸಿಂಹನ ಮಗ ಸೋಮೇಶ್ವರನ ಸೇನೆ ಧಾರಾನಗರಕ್ಕೆ ನುಗ್ಗಿ ಬೆಂಕಿಯಿಟ್ಟಿತು. ಭೋಜ ತೀರಿಕೊಂಡ ಮೇಲೆ ಆ ಸಿಂಹಾಸನಕ್ಕೆ ಕಿತ್ತಾಟವಾದಾಗ ಸಹಾಯಕ್ಕೆ ಬಂದವನು ಯಾರು ಗೊತ್ತೆ? ಅದೇ ಸೋಮೇಶ್ವರನ ಮಗ ವಿಕ್ರಮಾದಿತ್ಯ! ಇದನ್ನು ಹೇಳಿದವನು ಕಾಶ್ಮೀರದ ಬಿಲ್ಹಣ. ಭೋಜನನ್ನು ಕಾಣಲಾಗಲಿಲ್ಲವಲ್ಲ ಎಂಬ ಕೊರಗು ಅವನಿಗಿತ್ತು. ಆಮೇಲೆ ದಕ್ಷಿಣಕ್ಕಿಳಿದು ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಆಸ್ಥಾನ ಸೇರಿದ.

ಇನ್ನು ಭೋಪಾಲದ ಉಳಿದ ಚರಿತ್ರೆ ನಿಮಗೆ ಗೊತ್ತಿದ್ದದ್ದೇ. ಗೊಂಡರ ರಾಣಿ ಕಮಲಾಪತಿ, ಅವಳ ನಂತರ ಆಫ್ಘನ್ ಸಿಪಾಯಿ ದೋಸ್ತ್ ಮೊಹಮ್ಮದ್ ಖಾನ್, ಆಮೇಲೆ ಒಬ್ಬರ ಹಿಂದೊಬ್ಬರು 1819ರಿಂದ 1926ರವರೆಗೆ ನಾಲ್ವರು ಬೇಗಂಗಳು. ಕುದ್ಸಿಯಾ ಜಾಮಾ ಮಸೀದಿ ಕಟ್ಟಿಸಿದಳು, ಮಗಳು ಸಿಕಂದರ್ ಮೋತಿ ಮಸೀದಿ, ಮೊಮ್ಮಗಳು ಶಾಹಜಹಾನ್ ತಾಜ್-ಉಲ್-ಮಸಾಜಿದ್ ಆರಂಭಿಸಿದಳು. ಅದು ಪೂರ್ತಿಯಾದದ್ದು 1985ರಲ್ಲಿ. ಮರಿಮಗಳು ಸುಲ್ತಾನ್ ಜಹಾನ್ ಅಲಿಗಢ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ. ಕೆಳಗಿನ ಛೋಟಾ ತಾಲಾಬ್ 1794ರಲ್ಲಿ ಮಂತ್ರಿ ಛೋಟೇ ಖಾನ್ ಕಟ್ಟಿಸಿದ್ದು. 1984ರ ಡಿಸೆಂಬರ್‌ನ ಅನಿಲ ದುರಂತದ ರಾತ್ರಿಯ ಬಗ್ಗೆ ಇದೇ ಲೇಖನದಲ್ಲಿ ನಾಲ್ಕು ಸಾಲು ಗೀಚಿ ಮುಗಿಸಲು ನನಗೆ ಮನಸ್ಸಿಲ್ಲ. ಅದಕ್ಕೆ ಬೇರೆಯೇ ಸಂಚಿಕೆ ಬೇಕು.

ಅತಿಥಿಗಳಿಗೆ ಸಾಂಚಿ, ಭೀಮಬೆಟ್ಕಾ ತಪ್ಪಿಸುವವರಿಲ್ಲ. ಎರಡೂ ಯುನೆಸ್ಕೊ ಪಟ್ಟಿಯಲ್ಲಿವೆ, ಎರಡಕ್ಕೂ ಗಂಟೆಯೊಳಗೋ ಸ್ವಲ್ಪ ಹೆಚ್ಚೋ ದಾರಿ. ಬೆಳಿಗ್ಗೆ ಪೋಹಾ-ಜಲೇಬಿ ತಿನ್ನಿಸಿ, ಚೌಕ್ ಬಜಾರಿನಲ್ಲಿ ಉಪ್ಪು ಹಾಕಿದ ಸುಲೇಮಾನಿ ಚಹಾ ಕುಡಿಸಿ ಮುಖ ನೋಡುವುದೂ ನಮ್ಮ ಸಂಪ್ರದಾಯವೇ. ಆದರೆ ನನ್ನನ್ನು ಕೇಳಿದರೆ ಒಂದೇ ದಿನ ಇದ್ದವರನ್ನು ಭೋಜಪುರಕ್ಕೆ ಕರೆದೊಯ್ಯಿರಿ ಎನ್ನುತ್ತೇನೆ.

ಊರಿಂದ ಸುಮಾರು 28 ಕಿ.ಮೀ., ಬೇತ್ವಾ ನದಿಯ ದಂಡೆ. ಭೋಜ ಕಟ್ಟಿಸಲು ಹೊರಟ ಶಿವಾಲಯ ಅರ್ಧಕ್ಕೇ ನಿಂತಿದೆ. ಏಳೂವರೆ ಅಡಿ ಎತ್ತರದ ಲಿಂಗ, ಅದರ ಸುತ್ತಳತೆ ಹದಿನೇಳು ಅಡಿಗೂ ಹೆಚ್ಚು. ಚಾವಣಿಯ ತೆರವನ್ನು ಪುರಾತತ್ತ್ವ ಇಲಾಖೆ ಫೈಬರ್‌ಗ್ಲಾಸಿನಿಂದ ಮುಚ್ಚಿದೆ. ಬಂದವರೆಲ್ಲ ಲಿಂಗಕ್ಕೆ ಕೈಮುಗಿದು, ಸೆಲ್ಫಿ ತೆಗೆದು, ಎಳನೀರು ಹುಡುಕುತ್ತಾ ಮರಳುತ್ತಾರೆ. ನೋಡಬೇಕಾದದ್ದು ಹೊರಗಿದೆ.

ಗುಡಿಯ ಹಿಂದೆ ಕಲ್ಲು ಮತ್ತು ಮಣ್ಣಿನ ಇಳಿಜಾರು ದಿಬ್ಬ ಹಾಗೇ ಇದೆ. ಟನ್‌ಗಟ್ಟಲೆ ತೂಕದ ತೊಲೆಗಳನ್ನು ಅದರ ಮೇಲೆಯೇ ಎಳೆದು ಮೇಲಕ್ಕೆ ಸಾಗಿಸಿದ್ದು. ಕೆಲಸ ಮುಗಿದಿದ್ದರೆ ದಿಬ್ಬ ಕೆಡವುತ್ತಿದ್ದರು. ಸುತ್ತಲಿನ ಬಂಡೆಗಳ ಹಾಸಿನ ಮೇಲೆ ಗೆರೆ ಕೊರೆದು ಬಿಡಿಸಿದ ನಕ್ಷೆಗಳಿವೆ: ಕಂಬ, ಬಾಗಿಲುವಾಡ, ಶಿಖರ, ಗುಡಿಯ ತಳವಿನ್ಯಾಸ. ನಡುಹಗಲಿನಲ್ಲಿ ಹೋದರೆ ಬರಿ ಬಂಡೆ ಕಾಣುತ್ತದೆ. ಬೆಳಿಗ್ಗೆಯೋ ಇಳಿಹೊತ್ತಿಗೋ ಬಿಸಿಲು ಓರೆಯಾಗಿ ಬಿದ್ದಾಗ ಗೆರೆಗೆ ನೆರಳು ಕಟ್ಟಿ ಶಿಖರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಎದ್ದು ಬರುತ್ತದೆ. 'ಸಮರಾಂಗಣಸೂತ್ರಧಾರ' ಎಂಬ ವಾಸ್ತುಗ್ರಂಥ ಭೋಜನ ಹೆಸರಿನಲ್ಲಿದೆ. ಅದನ್ನು ಓದುವ ಸಂಸ್ಕೃತ ನಮ್ಮಲ್ಲಿ ಎಷ್ಟು ಜನಕ್ಕಿದೆ? ಈ ಬಂಡೆಯ ನಕ್ಷೆ ಓದಲು ಕಣ್ಣಿದ್ದರೆ ಸಾಕು.

ಇನ್ನೊಂದು, ಕಲ್ಲುಕುಟಿಕರ ಗುರುತುಗಳು. ಚಕ್ರ, ತ್ರಿಶೂಲ, ಸ್ವಸ್ತಿಕ, ನಾಗರಿ ಅಕ್ಷರ, ಹೀಗೆ ಆವರಣದಲ್ಲಿ 1,300ಕ್ಕೂ ಮೇಲ್ಪಟ್ಟು ಗುರುತುಗಳಿವೆ. ಯಾವ ಕಲ್ಲು ಯಾರು ಕಡೆದದ್ದು ಎಂಬ ಲೆಕ್ಕಕ್ಕೆ, ಕೂಲಿಗೆ. ಗುಡಿ ಪೂರ್ತಿಯಾಗಿದ್ದರೆ ಉಜ್ಜಿ ಅಳಿಸುತ್ತಿದ್ದರು. ಇದನ್ನು ನೋಡುವಾಗ ಬೇಲೂರಿನ ನೆನಪಾಗದೆ ಇರದು. ನೂರು ವರ್ಷದೊಳಗೆ ಅಲ್ಲಿ ನಮ್ಮ ಶಿಲ್ಪಿಗಳು ಪೀಠದ ಮೇಲೆ ಕನ್ನಡದಲ್ಲಿ ಹೆಸರನ್ನೇ ಕೊರೆದರು. ಅವರಲ್ಲಿ ಮುಖ್ಯನಾದ ದಾಸೋಜ ಮತ್ತೆ ಅದೇ ಬಳ್ಳಿಗಾವಿಯವನು!

ಭೋಜಪುರದಲ್ಲಿ ಇನ್ನೊಂದು ಕೆರೆ ಇತ್ತು, ನಮ್ಮ ಬಡಾ ತಾಲಾಬನ್ನು ಕೊಳ ಎನ್ನಿಸುವಷ್ಟು ದೊಡ್ಡದು. ಬೆಟ್ಟಗಳ ನಡುವಿನ ಕಂಡಿಗಳಿಗೆ ಕಟ್ಟೆ ಹಾಕಿ ನಿಲ್ಲಿಸಿದ ಆ ನೀರಿನ ಹರವು 250 ಚದರ ಮೈಲಿ ಇತ್ತೆಂದು ಹಿಂದಿನವರ ಅಂದಾಜು. ಡಬ್ಲ್ಯು. ಕಿನ್ಕೇಡ್ ಎಂಬ ಬ್ರಿಟಿಷ್ ಅಧಿಕಾರಿ 1888ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅದರ ಐತಿಹ್ಯ ಬರೆದಿಟ್ಟ. ರಾಜನಿಗೆ ಚರ್ಮರೋಗ. 365 ತೊರೆ ಕೂಡುವ ಕೆರೆಯಲ್ಲಿ ಮಿಂದರೆ ವಾಸಿ ಎಂದರು. ಎಣಿಸಿದರೆ 359 ಆಯಿತು. ಆಗ ಕಾಲಿಯಾ ಎಂಬ ಗೊಂಡ ನಾಯಕ ಯಾರ ಲೆಕ್ಕಕ್ಕೂ ಬಾರದ ಒಂದು ನದಿ ತೋರಿಸಿದ, ಉಪನದಿಗಳು ಸೇರಿ ಲೆಕ್ಕ ಸರಿಹೋಯಿತು. ಕೋಲಾರ್ ರಸ್ತೆಯ ಕಡೆಯ ಸದಸ್ಯರು ದಿನಾ ನೋಡುವ ಕಾಲಿಯಾಸೋತ್‌ಗೆ ಹೆಸರು ಬಂದದ್ದು ಅವನಿಂದ. ಹದಿನೈದನೆಯ ಶತಮಾನದಲ್ಲಿ ಮಾಂಡುವಿನ ಸುಲ್ತಾನ ಹೋಶಂಗ್ ಶಾಹ ಕಟ್ಟೆ ಒಡೆಸಿದ. ಒಡೆಯಲು ಮೂರು ತಿಂಗಳು, ನೀರು ಖಾಲಿಯಾಗಲು ಮೂರು ವರ್ಷ, ತಳ ಒಣಗಿ ಜನ ವಾಸಿಸಲು ಮೂವತ್ತು ವರ್ಷ ಎಂದು ಗೊಂಡರ ಮಾತು. ಮೂರರ ಮಗ್ಗಿ ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿದೆ. ಆದರೆ ಒಡೆದ ಕಟ್ಟೆಯ ಭಾರಿ ಕಲ್ಲುಗಳು ಇವತ್ತಿಗೂ ಅಲ್ಲೇ ಇವೆ, ಹೋಗಿ ನೋಡಬಹುದು.

ಉಳಿದದ್ದು ನಮ್ಮ ಕೆರೆ, ಸುಮಾರು 31 ಚದರ ಕಿ.ಮೀ. ಕೋಲಾಂಸ್ ಹೊಳೆಗೆ ಅಡ್ಡ ಹಾಕಿದ ಮಣ್ಣಿನ ಏರಿಯ ಮೇಲೆಯೇ ಇವತ್ತು ಕಮಲಾ ಪಾರ್ಕ್ ಇದೆ. 1965ರಲ್ಲಿ ಭದ್‌ಭದಾ ಕಟ್ಟೆಗೆ ಗೇಟುಗಳು ಬಂದವು. ಮಳೆಗಾಲದಲ್ಲಿ ಅವು ತೆರೆದ ದಿನ ಅರ್ಧ ಭೋಪಾಲ ಅಲ್ಲಿರುತ್ತದೆ. 2002ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು.

ಈ ಕೆರೆಯ ದಂಡೆಯಲ್ಲಿ ಹಗೆತನವಿಲ್ಲದ ಒಂದು ಕನ್ನಡ ನಂಟೂ ಇದೆ. ಶ್ಯಾಮಲಾ ಹಿಲ್ಸ್‌ನ ಅಂಚಿನಲ್ಲಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಭಾರತ ಭವನ 1982ರಲ್ಲಿ ತೆರೆಯಿತು. ಅದರ ರಂಗಮಂಡಲವನ್ನು ಕಟ್ಟಿದವರು ನಮ್ಮ ಬಿ. ವಿ. ಕಾರಂತರು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದವರು ಇಲ್ಲಿಗೆ ಬಂದು ಬುಂದೇಲಿ, ಮಾಳವಿ, ಛತ್ತೀಸಗಢಿ ಮಾತುಗಳಲ್ಲಿ ನಾಟಕ ಆಡಿಸಿದರು. ಇಲ್ಲಿಂದ ಹೋದ ಮೇಲೆಯೇ, 1989ರಲ್ಲಿ, ಮೈಸೂರಿನಲ್ಲಿ ರಂಗಾಯಣ ಶುರುವಾದದ್ದು. ನನ್ನ ಮಟ್ಟಿಗೆ ರಂಗಾಯಣದ ಅರ್ಧ ತಾಲೀಮು ಭೋಪಾಲದಲ್ಲೇ ಆಗಿದೆ.

ಆ ವರ್ಷಗಳಲ್ಲಿ ಇಲ್ಲಿದ್ದ ಹಿರಿಯ ಸದಸ್ಯರು ಇನ್ನೂ ನಮ್ಮೊಂದಿಗಿದ್ದಾರೆ. ಕಾರಂತರ ನಾಟಕ ನೋಡಿದವರು, ಅವರನ್ನು ಊಟಕ್ಕೆ ಕರೆದವರು, ಟಿಕೆಟ್ಟಿನ ತುಂಡನ್ನೋ ಕರಪತ್ರವನ್ನೋ ಟ್ರಂಕಿನಲ್ಲಿ ಇಟ್ಟುಕೊಂಡವರು ದಯವಿಟ್ಟು ಸಂಪಾದಕರಿಗೆ ತಿಳಿಸಿ. ಬರೆಯಲು ಕೈ ನಡುಗುತ್ತದೆ ಎನ್ನುವವರ ಮನೆಗೆ ನಾನೇ ಬಂದು ಬರೆದುಕೊಳ್ಳುತ್ತೇನೆ. ಮುಂದಿನ ಸಂಚಿಕೆಯ ಎರಡು ಪುಟ ಅದಕ್ಕೆಂದೇ ಬಿಟ್ಟಿದ್ದೇವೆ.