ಬಜೆ: ದಾವಣಗೆರೆ–ಹರಿಹರ ಸೀಮೆಯ ರಕ್ಷೆ ಮತ್ತು ಬುದ್ಧಿಯ ಮೂಲಿಕೆ

ಬಜೆ: ಅಕೋರೇಸೀ ಕುಟುಂಬಕ್ಕೆ ಸೇರಿದ, ಜೌಗು ನೆಲದಲ್ಲಿ ಬೆಳೆಯುವ ಪರಿಮಳದ ಮೂಲಿಕೆ. ಇದರ ವೈಜ್ಞಾನಿಕ ಹೆಸರು ಅಕೋರಸ್ ಕ್ಯಾಲಮಸ್. ಸಂಸ್ಕೃತದಲ್ಲಿ ವಚಾ, ಉಗ್ರಗಂಧಾ, ಷಡ್ಗ್ರಂಥಾ ಎಂಬ ಹೆಸರುಗಳಿವೆ. ತಮಿಳರು ವಸಂಬು, ಮಲಯಾಳಿಗಳು ವಯಂಬು ಎನ್ನುತ್ತಾರೆ. ದಾವಣಗೆರೆ, ಹರಿಹರ ಸೀಮೆಯ ಬಾಣಂತನದಲ್ಲಿ ಒಣಬಜೆಗೆ ಎರಡು ಕೆಲಸ. ಕೂಸಿಗೆ ದೃಷ್ಟಿ ತಾಗದಂತೆ ಮೈಮೇಲೆ ಕಟ್ಟುತ್ತಾರೆ. ಬುದ್ಧಿ, ಮಾತು ಚುರುಕಾಗಲೆಂದು ತೇದು ನಾಲಿಗೆಗೆ ಹಚ್ಚುತ್ತಾರೆ. ಮೊದಲನೆಯದು ನಂಬಿಕೆಯ ಆಚರಣೆ, ಎರಡನೆಯದು ಔಷಧ ಸೇವನೆ. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಸಸ್ಯ ಮತ್ತು ಬೇಸಾಯ

ಎಲೆಗಳು ಕತ್ತಿಯಂತೆ ಉದ್ದ, ನಡುವೆ ಎದ್ದು ಕಾಣುವ ನರ. ಜನ ಬೇರು ಎನ್ನುವ ಭಾಗ ನಿಜದಲ್ಲಿ ನೆಲದೊಳಗೆ ಅಡ್ಡಲಾಗಿ ಹಬ್ಬುವ, ಬೆರಳು ಗಾತ್ರದ, ಗೆಣ್ಣುಗೆಣ್ಣಾದ ಕಾಂಡ. ಲಿನೇಯಸ್ 1753ರಲ್ಲಿ ಇದಕ್ಕೆ ಈಗಿನ ವೈಜ್ಞಾನಿಕ ಹೆಸರಿಟ್ಟ. ಹಿಂದೆ ಕೆಸುವಿನ ಕುಟುಂಬಕ್ಕೆ ಸೇರಿಸಿದ್ದ ಈ ಗಿಡವನ್ನು ಈಗ ಪ್ರತ್ಯೇಕ ಕುಟುಂಬದಲ್ಲಿಟ್ಟಿದ್ದಾರೆ. ಏಕದಳ ಸಸ್ಯಗಳ ವಂಶದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಇದೇ ಎಂದು ಸಸ್ಯವಿಜ್ಞಾನಿಗಳು ಗುರುತಿಸಿದ್ದಾರೆ. ಭತ್ತದಂತೆ ಬಜೆಗೂ ನೀರು ನಿಲ್ಲುವ ಗದ್ದೆ ಬೇಕು. ಕರ್ನಾಟಕದಲ್ಲಿ ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕು ಇದರ ಬೇಸಾಯಕ್ಕೆ ಹೆಸರಾಗಿದೆ. ಗೆಣ್ಣಿನ ತುಂಡುಗಳನ್ನು ನೆಟ್ಟು, ವರ್ಷದೊಳಗೆ ಕಿತ್ತು, ಕತ್ತರಿಸಿ ಒಣಗಿಸಿ, ನಾರುಬೇರುಗಳನ್ನು ಉಜ್ಜಿ ತೆಗೆದು ಮಾರುತ್ತಾರೆ. ಗ್ರಂಥಿಗೆ ಅಂಗಡಿಗಳಲ್ಲಿ ದೊರೆಯುವುದು ಈ ಒಣಗಿದ ತುಂಡೇ.

ರಕ್ಷೆಯಾಗಿ

ತೊಟ್ಟಿಲ ಶಾಸ್ತ್ರದ ಹೊತ್ತಿಗೆ ಕೂಸಿನ ಮೈಮೇಲೆ ರಕ್ಷೆಯ ಸಾಮಗ್ರಿ ಒಂದೊಂದಾಗಿ ಕೂಡುತ್ತದೆ: ಕೆನ್ನೆಗೆ ಕಾಡಿಗೆಯ ಬೊಟ್ಟು, ಸೊಂಟಕ್ಕೆ ಕರಿದಾರ, ಮುಂಗೈಗೆ ಕರಿಮಣಿ. ಬಜೆಯನ್ನು ಸಣ್ಣ ಬಿಲ್ಲೆಗಳಾಗಿ ಕೊಯ್ದು, ತೂತು ಕೊರೆದು, ದಾರಕ್ಕೆ ಪೋಣಿಸಿ ಕೈಗೆ ಕಟ್ಟುವುದೂ ಉಂಟು. ಸಿದ್ಧ ಬಜೆಬಳೆಗಳೂ ಈಗ ಮಾರಾಟಕ್ಕಿವೆ. ಬಂದವರ ಕಣ್ಣು, ಹೊತ್ತು ಮುಳುಗಿದ ಮೇಲಿನ ಗಾಳಿ, ಕಾರಣ ತಿಳಿಯದ ರಚ್ಚೆ ಇವುಗಳಿಂದ ಕೂಸನ್ನು ಬಜೆ ಕಾಯುತ್ತದೆ ಎಂಬುದು ನಂಬಿಕೆ. ಬಾಣಂತಿ ಕೋಣೆಗೆ ಸಾಂಬ್ರಾಣಿ, ಲೋಬಾನದ ಹೊಗೆ ಹಾಕುವುದೂ, ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸುವುದೂ ಇದೇ ಸಾಲಿನ ಆಚರಣೆಗಳು. ದಾವಣಗೆರೆಯ ನಗರದೇವತೆ ದುಗ್ಗಮ್ಮನ ಹರಕೆಗಳಲ್ಲಿ ಬೇವಿನ ಸೊಪ್ಪಿಗೆ ಇರುವ ಕಾಯುವ ಶಕ್ತಿಯನ್ನೇ ಮನೆಯೊಳಗೆ ಬಜೆಗೆ ಕೊಟ್ಟಿದ್ದಾರೆ.

ಈ ನಂಬಿಕೆಯ ಬೇರು ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 5ನೇ ಅಧ್ಯಾಯದಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಧೂಪಕ್ಕೆ ಗುಗ್ಗುಳು, ಅಗರು, ಸರ್ಜರಸ, ಬಜೆ, ಬಿಳಿ ಸಾಸಿವೆ, ಉಪ್ಪು, ಬೇವಿನೆಲೆ, ತುಪ್ಪ ಹೇಳಿದೆ. ಅದರ ಬೆನ್ನಿಗೇ ರೋಗಿಯ ರಕ್ಷಾಕರ್ಮವೂ ಬರುತ್ತದೆ. ಗಾಯದ ಆರೈಕೆ, ಕಾಣದ ಶಕ್ತಿಗಳಿಂದ ಕಾಪಾಡುವುದು ಎರಡೂ ಆ ಕಾಲದ ವೈದ್ಯರಿಗೆ ಒಂದೇ ಕೆಲಸದ ಭಾಗಗಳಾಗಿದ್ದವು. ಬಜೆಯ ಘಾಟಿಗೆ ಹುಳುಗಳು ದೂರವಿರುವುದಂತೂ ಪರೀಕ್ಷೆಗೆ ನಿಂತ ಸಂಗತಿ. ತಾಳೆಗರಿ ಕಟ್ಟುಗಳ ನಡುವೆ, ಉಣ್ಣೆ ಬಟ್ಟೆಗಳ ಮಡಿಕೆಯಲ್ಲಿ ಬಜೆ ಇಡುತ್ತಿದ್ದುದು ಇದಕ್ಕಾಗಿಯೇ. ಕೆಟ್ಟ ಕಣ್ಣನ್ನು ತಡೆಯುತ್ತದೆ ಎನ್ನಲು ಅಂಥ ಆಧಾರವಿಲ್ಲ.

ಬುದ್ಧಿ ಮತ್ತು ಮಾತಿಗಾಗಿ

ಬಜೆಯ ತುಂಡನ್ನು ಹರಳೆಣ್ಣೆ ದೀಪದಲ್ಲಿ ಸುಟ್ಟು, ತೇಯುವ ಕಲ್ಲಿನ ಮೇಲೆ ತಾಯಿಯ ಹಾಲು ಇಲ್ಲವೇ ಜೇನಿನಲ್ಲಿ ತೇದು, ಬೆರಳ ತುದಿಯಿಂದ ಕೂಸಿನ ನಾಲಿಗೆಗೆ ಹಚ್ಚುವುದು ಪದ್ಧತಿ. ಜೊತೆಗೆ ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಜ್ಯೇಷ್ಠಮಧುಗಳನ್ನೂ ತೇಯುವುದುಂಟು. ಅಳತೆ ತೂಕದಲ್ಲಲ್ಲ, ಕಲ್ಲಿನ ಮೇಲೆ ತೇದ ಸುತ್ತುಗಳಲ್ಲಿ. ಕೂಸು ಬೆಳೆದಂತೆ ಸುತ್ತೂ ಹೆಚ್ಚುತ್ತದೆ. ಎಷ್ಟು ಸುತ್ತು ಎಂಬುದು ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬಂದ ತಿಳಿವಳಿಕೆ. ಮಾತು ಬೇಗ ಬರಲಿ, ತೊದಲು ಹೋಗಲಿ, ಹೊಟ್ಟೆಯುಬ್ಬರ ಇಳಿಯಲಿ ಎಂಬ ಆಸೆಗಳು ಇದರ ಹಿಂದಿವೆ.

ಆಯುರ್ವೇದವೂ ಬಜೆಯನ್ನು ಮನಸ್ಸಿನ ಔಷಧವೆಂದೇ ಎಣಿಸುತ್ತದೆ. ಚರಕ ಸಂಹಿತೆ ಇದನ್ನು ಸಂಜ್ಞಾಸ್ಥಾಪನ, ಅಂದರೆ ಎಚ್ಚರವನ್ನು ಮರಳಿಸುವ ಗಣದಲ್ಲಿಟ್ಟಿದೆ. ಸುಶ್ರುತ ಸಂಹಿತೆಯಲ್ಲಿ ಮಕ್ಕಳಿಗೆ ನೆಕ್ಕಿಸಲು ಹೇಳಿದ ಚಿನ್ನ, ಜೇನು, ತುಪ್ಪದ ಯೋಗವೊಂದರಲ್ಲಿ ಬಜೆ ಇದೆ. ಸಾರಸ್ವತ ಚೂರ್ಣವೆಂಬ ಔಷಧದಲ್ಲಿ ಉಳಿದೆಲ್ಲ ದ್ರವ್ಯಗಳ ಒಟ್ಟು ತೂಕಕ್ಕೆ ಸಮನಾಗಿ ಬಜೆ ಸೇರಿಸಿ, ಬ್ರಾಹ್ಮಿ ರಸದ ಭಾವನೆ ಕೊಡುತ್ತಾರೆ, ಅಂದರೆ ಆ ರಸದಲ್ಲಿ ನೆನೆಸಿ ಅರೆಯುತ್ತಾರೆ. ಆದರೆ ಹೆಚ್ಚಾದರೆ ವಾಂತಿ ಮಾಡಿಸುವ ದ್ರವ್ಯವೆಂದೂ ಇದೇ ಶಾಸ್ತ್ರ ತಿಳಿಸಿದೆ.

ರಾಸಾಯನಿಕ ಗುಣ ಮತ್ತು ಅಪಾಯ

ಬಜೆಯ ಎಣ್ಣೆಯಲ್ಲಿರುವ ಮುಖ್ಯ ವಸ್ತು ಬೀಟಾ-ಅಸರೋನ್. ಉತ್ತರ ಅಮೆರಿಕದ ತಳಿಯಲ್ಲಿ ಅದು ಇಲ್ಲ, ಯುರೋಪಿನ ತಳಿಯಲ್ಲಿ ಕಡಿಮೆ, ಭಾರತದ ತಳಿಗಳಲ್ಲಿ ಬಹಳ. ಇಲಿಗಳ ಮೇಲಿನ ಪ್ರಯೋಗದಲ್ಲಿ ಗೆಡ್ಡೆ ಹುಟ್ಟಿಸಿದ್ದರಿಂದ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ಸೇರಿಸದಂತೆ ನಿಷೇಧಿಸಿತು. ಕೂಸುಗಳ ವಿಷಯದಲ್ಲಿ ಅಪಾಯ ಇನ್ನೂ ಹತ್ತಿರದ್ದು: ಸುತ್ತು ಹೆಚ್ಚಾದರೆ ವಾಂತಿ, ಮಂಪರು, ಜೇನಿನಿಂದ ವರ್ಷ ತುಂಬದ ಮಕ್ಕಳಿಗೆ ಬಾಟುಲಿಸಂ ಎಂಬ ನಂಜು. ಮೊದಲ 6 ತಿಂಗಳು ತಾಯಿಯ ಹಾಲಿನ ಹೊರತು ಬೇರೇನನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೈಗೆ ಕಟ್ಟಿದ ಬಿಲ್ಲೆ ಕಳಚಿ ಗಂಟಲಿಗೆ ಸಿಕ್ಕುವ ಭಯವೂ ಇದೆ.

ಇಂದಿನ ಸ್ಥಿತಿ

1997ರಲ್ಲಿ ಜಿಲ್ಲಾ ಕೇಂದ್ರವಾದ ದಾವಣಗೆರೆ ಇಂದು ವೈದ್ಯಕೀಯ ಕಾಲೇಜುಗಳ ಊರು. ನಗರದ ಚಿಗಟೇರಿ ಜಿಲ್ಲಾಸ್ಪತ್ರೆಗೂ ಬಾಪೂಜಿ ಮಕ್ಕಳ ಆಸ್ಪತ್ರೆಗೂ ಸುತ್ತಲಿನ ತಾಲ್ಲೂಕುಗಳ ಕೂಸುಗಳು ಬರುತ್ತವೆ. ಕರ್ನಾಟಕದ 2017ರ ಅಮಾನವೀಯ ದುಷ್ಟಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ನೋವು, ಶೋಷಣೆಯ ಆಚರಣೆಗಳನ್ನು ಅಪರಾಧವೆನ್ನುತ್ತದೆ. ಹಾವು, ಚೇಳು, ನಾಯಿ ಕಚ್ಚಿದಾಗ ಚಿಕಿತ್ಸೆ ತಡೆದು ಮಂತ್ರ, ದಾರಗಳಲ್ಲೇ ಕಾಲ ಕಳೆಯುವಂತೆ ಮಾಡುವುದೂ ಅದರಲ್ಲಿ ಸೇರಿದೆ. ಮನೆಯಲ್ಲಿ ಬಜೆ ಕಟ್ಟುವುದು ಅಂಥದ್ದಲ್ಲ. ಅದು ಕೂಸಿನ ಮೇಲಿನ ಅಕ್ಕರೆಯ ಗುರುತಾಗಿ ಉಳಿಯಲು ಅಡ್ಡಿಯಿಲ್ಲ. ಬಜೆಯನ್ನು ತೊಟ್ಟಿಲ ಮೇಲೆ, ಕೂಸಿನ ಕೈಗೆಟುಕದಂತೆ ಕಟ್ಟಬಹುದು. ನಾಲಿಗೆಗೆ ಹಚ್ಚುವುದನ್ನು ಮಾತ್ರ ವೈದ್ಯರನ್ನು ಕೇಳದೆ ಮಾಡಬಾರದು. ಹಾಲು ಕುಡಿಯದೆ ರಚ್ಚೆ ಹಿಡಿದ ಕೂಸಿಗೆ ನಿವಾಳಿಸಿ ಕಾಯುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು.