ಬಾಲವಾಙ್ಮಯದ ಕರ್ತೃಗಳೂ ಕನ್ನಡ ಸಾಲೆಯ ಚಿಕ್ಕ ಮಕ್ಕಳೂ

ಜಮಖಂಡಿ ಸೀಮೆಯ ಹುನ್ನೂರದಂಥ ಒಂದು ಊರಿನ ಕನ್ನಡ ಸಾಲೆಯಲ್ಲಿ, ಒಂದನೆಯ ಇಲ್ಲವೆ ಎರಡನೆಯ ಇಯತ್ತೆಯ ಮಗುವನ್ನು ಹತ್ತಿರ ಕರೆದು, ಅದಕ್ಕೆ ಬಾಯಿಪಾಠವಾಗಿರುವ ಪದ್ಯವೊಂದನ್ನು ಹೇಳಿಸಿ, “ಇದನ್ನು ಬರೆದವರಾರು?” ಎಂದು ಕೇಳಿದರೆ, “ಪುಸ್ತಕದಾಗ ಐತ್ರಿ” ಎಂಬ ಉತ್ತರವು ಬರುವ ಸಂಭವವೇ ಹೆಚ್ಚು. ಹೊಲದಲ್ಲಿಯ ಜೋಳವನ್ನು ಬಿತ್ತಿದವರಾರೆಂಬದು ಆ ಮಗುವಿಗೆ ಗೊತ್ತು. ಸೀರೆಯನ್ನು ನೆಯ್ದವರಾರೆಂಬದು ರಬಕವಿ-ಬನಹಟ್ಟಿಗಳ ನೇಕಾರರ ಓಣಿಯ ಮಗುವಿಗೆ ಗೊತ್ತು. ಪುಸ್ತಕವನ್ನು ಮಾಡಿದವರು ಮಾತ್ರ ಗೊತ್ತಿಲ್ಲ. ಅದೊಂದು ಮನುಷ್ಯನ ಕೈಕೆಲಸವೆಂಬ ಕಲ್ಪನೆಯೇ ಅನೇಕ ಮಕ್ಕಳಲ್ಲಿ ಹುಟ್ಟುವದಿಲ್ಲ. ಈ ಅಜ್ಞಾನವು ಸಣ್ಣದಾಗಿ ಕಂಡರೂ ಅದರ ಪರಿಣಾಮವು ಸಣ್ಣದಲ್ಲ. ಬರೆದವನು ತನ್ನಂಥ ಒಬ್ಬ ಮನುಷ್ಯನೆಂದು ತಿಳಿಯದ ಮಗುವು, ತಾನೂ ಒಂದು ದಿನ ಬರೆಯಬಹುದೆಂದು ಎಣಿಸುವದು ಹೇಗೆ?

ಹಿಂದಿನ ಕಾಲದ ಕನ್ನಡ ಕವಿಗಳು ತಮ್ಮ ಪರಿಚಯವನ್ನು ಮರೆಮಾಚಿದವರಲ್ಲ. ಇದೇ ಸೀಮೆಯ ಮುದುವೊಳಲಿನ, ಅಂದರೆ ಈಗಿನ ಮುಧೋಳದ, ರನ್ನನು 993ರ ಅಜಿತಪುರಾಣದಲ್ಲಿ ತನ್ನ ಊರನ್ನೂ, ಬಳೆಗಾರ ಕುಲವನ್ನೂ, ಜಿನವಲ್ಲಭ-ಅಬ್ಬಲಬ್ಬೆಯರೆಂಬ ತಾಯಿತಂದೆಗಳನ್ನೂ ಸಂಕೋಚವಿಲ್ಲದೆ ಹೇಳಿಕೊಂಡಿರುವನು. ಬಳೆ ಮಾರುವ ಮನೆಯ ಹುಡುಗನು ಮಹಾಕವಿಯಾದನೆಂಬದು ವಾಚಕನಿಗೆ ಕಾವ್ಯದಿಂದಲೇ ತಿಳಿಯುವದು. ಆದರೆ ಮಕ್ಕಳ ಪಾಲಿಗೆ ಬಂದ ವಾಙ್ಮಯದ ದಾರಿಯು ಬೇರೆ. ತೊಟ್ಟಿಲ ಹಾಡಿಗೂ, ಅಜ್ಜಿಯ ಕಥೆಗೂ ಕರ್ತೃವಿನ ಹೆಸರಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ “ಗರತಿಯ ಹಾಡು” ಎಂಬ ಸಂಗ್ರಹವನ್ನು ಹೊರಡಿಸಿದಾಗ, ಹೆಸರಿಲ್ಲದ ಆ ತಾಯಂದಿರ ಜೋಗುಳಗಳು ಮೊದಲ ಸಲ ಗೌರವದಿಂದ ಅಚ್ಚಿಗೆ ಏರಿದವು. ಅಲ್ಲಿ ಹೆಸರಿಲ್ಲದಿದ್ದರೂ ಕೊರತೆಯಿರಲಿಲ್ಲ. ಏಕೆಂದರೆ ಹಾಡುವ ತಾಯಿಯು ಮಗುವಿನ ಕಣ್ಣ ಮುಂದೆಯೇ ಇರುತ್ತಿದ್ದಳು. ಸಾಲೆಯ ಪುಸ್ತಕದಲ್ಲಿಯಾದರೋ ಹೆಸರೂ ಹೋಯಿತು, ಹಾಡುವವಳೂ ಹೋದಳು.

ಚಿತ್ರಗಳಿಂದ ಮಗುವಿಗೆ ಕಲಿಸಬೇಕೆಂಬ ವಿಚಾರವು ಯುರೋಪಖಂಡದಲ್ಲಿ ಹಳೆಯದು. ಕೊಮೇನಿಯಸನೆಂಬ ಶಿಕ್ಷಣತಜ್ಞನು 1658ರಲ್ಲಿ ನ್ಯೂರೆಂಬರ್ಗದಲ್ಲಿ ಒಂದು ಸಚಿತ್ರ ಪಾಠಪುಸ್ತಕವನ್ನು ಪ್ರಕಟಿಸಿದನು. ಲೋಕದ ವಸ್ತುಗಳ ಚಿತ್ರಗಳನ್ನು ಮುದ್ರಿಸಿ, ಪಕ್ಕದಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಮಾತುಗಳನ್ನು ಜೋಡಿಸಿದ್ದ ಆ ಗ್ರಂಥವು ಮಕ್ಕಳ ಚಿತ್ರಪುಸ್ತಕಗಳ ಹಿರಿಯಜ್ಜನೆಂದು ಹೇಳಬಹುದು. ಅಲ್ಲಿಂದ ಎರಡೂವರೆ ಶತಮಾನಗಳ ತರುವಾಯ ಇಂಗ್ಲಂಡದ ಬೀಟ್ರಿಕ್ಸ್ ಪಾಟರ್ ಎಂಬಾಕೆಯು ಮೊಲದ ಮರಿಯೊಂದರ ಕಥೆಯನ್ನು ತಾನೇ ಬರೆದು, ತಾನೇ ಚಿತ್ರಿಸಿ, 1902ರಲ್ಲಿ ಲೋಕಕ್ಕೆ ಕೊಟ್ಟಳು. ಆ ಕಥೆಯ ಮೂಲವು 1893ರಲ್ಲಿ ಕಾಯಿಲೆಯಲ್ಲಿದ್ದ ಒಬ್ಬ ಬಾಲಕನಿಗೆ ಆಕೆಯು ಬರೆದ ಸಚಿತ್ರ ಕಾಗದದಲ್ಲಿರುವದು. ಮಲಗಿದ ಹುಡುಗನೊಬ್ಬನನ್ನು ನಗಿಸಲು ಬರೆದ ಕಾಗದವೇ ಪುಸ್ತಕವಾಯಿತೆಂಬ ಸಂಗತಿಯನ್ನು ಕೇಳಿದ ಯಾವ ಮಗುವೂ, ಆ ಪುಸ್ತಕವನ್ನು ಮೊದಲಿನ ಕಣ್ಣಿನಿಂದ ನೋಡಲಾರದು. ಕರ್ತೃವಿನ ಪರಿಚಯದಿಂದ ಆಗುವ ಲಾಭವು ಇದೇ.

ಕನ್ನಡನಾಡಿನಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದು, ಮುಂದೆ ಸಾಲೆಯ ಪುಸ್ತಕಗಳ ದೊಡ್ಡ ಪ್ರಕಾಶಕರಾದರು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಕೆಲಸವು ಇನ್ನೂ ಕಠಿಣವಾಗಿತ್ತು. ಅಲ್ಲಿ ಮೊದಲು ಗೆಲ್ಲಬೇಕಾದದ್ದು ಚಿತ್ರವನ್ನಲ್ಲ, ಭಾಷೆಯನ್ನು. ಕನ್ನಡವನ್ನಾಡುವ ಮಕ್ಕಳು ಮರಾಠಿಯಲ್ಲಿ ಓದಬೇಕಾಗಿದ್ದ ಕಾಲದಲ್ಲಿ, ಡೆಪ್ಯುಟಿ ಚನ್ನಬಸಪ್ಪನವರು (1834–1881) ಹಳ್ಳಿಹಳ್ಳಿಗಳಲ್ಲಿ ಕನ್ನಡ ಸಾಲೆಗಳನ್ನು ನೆಲೆಗೊಳಿಸಲು ದುಡಿದರು. ವೆಂಕಟ ರಂಗೋ ಕಟ್ಟಿಯವರಂಥವರು ಪುಸ್ತಕಗಳನ್ನು ಸಿದ್ಧಪಡಿಸಿದರು. ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿಯೂ, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿಯೂ ಇದ್ದವು. ಆಳುವವರ ಮನೆಮಾತು ಮರಾಠಿ; ಪ್ರಜೆಗಳಲ್ಲಿ ಬಹುಜನರ ಮನೆಮಾತು ಕನ್ನಡ. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಈ ಸೀಮೆಯು ಏಕೀಕೃತ ಮೈಸೂರು ರಾಜ್ಯವನ್ನು ಸೇರಿತು. ಇಂಥ ಸೀಮೆಯ ಮಗುವಿಗೆ, ತನ್ನ ತಾಯಿಯ ಮಾತಿನಲ್ಲಿ ಬರೆದ ಒಬ್ಬ ಮನುಷ್ಯನ ಹೆಸರು ತಿಳಿಯುವದೆಂದರೆ, ತನ್ನ ಮಾತಿಗೂ ಪುಸ್ತಕದಲ್ಲಿ ಹಕ್ಕಿನ ಸ್ಥಾನವಿದೆಯೆಂದು ತಿಳಿದಂತೆಯೇ ಸರಿ.

ಕನ್ನಡದ ಬಾಲವಾಙ್ಮಯಕ್ಕೆ ಹೊಸ ಜೀವವನ್ನು ತುಂಬಿದವರಲ್ಲಿ ಅಗ್ರಗಣ್ಯರು ಪಂಜೆ ಮಂಗೇಶರಾಯರು (1874–1937). ಬಂಟವಾಳದಲ್ಲಿ ಹುಟ್ಟಿದ ಇವರು ಶಿಕ್ಷಕರಾಗಿಯೂ, ಸಾಲೆಗಳ ತಪಾಸಣೆಯ ಅಧಿಕಾರಿಗಳಾಗಿಯೂ ದಕ್ಷಿಣ ಕನ್ನಡದಲ್ಲಿ ದುಡಿದು, ಮುಂದೆ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಮಂಗಳೂರಿನ ಬಾಲಸಾಹಿತ್ಯ ಮಂಡಲದ ಮುಂದಾಳುಗಳು ಇವರೇ. 1934ರಲ್ಲಿ ರಾಯಚೂರಿನಲ್ಲಿ ನೆರೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಇವರಿಗೆ ದೊರೆಯಿತು. ಮಕ್ಕಳಿಗಾಗಿ ಬರೆದವರನ್ನು ನಾಡು ದೊಡ್ಡ ಸಾಹಿತಿಗಳೆಂದು ಮನ್ನಿಸಿದ ಗಳಿಗೆಯದು. ಹೀಗಿದ್ದರೂ ಪಂಜೆಯವರು ಸ್ವತಃ ತಮ್ಮ ಹೆಸರನ್ನು ಮುಂದೆ ಮಾಡಲಿಲ್ಲ. “ಕವಿಶಿಷ್ಯ”, “ಹರಟೆಮಲ್ಲ”, “ರಾ.ಮ.ಪಂ.” ಎಂಬ ಮುಸುಕುಗಳ ಹಿಂದೆ ನಿಂತು ಬರೆದರು. ದೊಡ್ಡವರಿಗೆ ಇದು ವಿನಯದ ಗುರುತು. ಮಕ್ಕಳಿಗೆ ಮಾತ್ರ ಇದರಿಂದ ಅವರು ಇನ್ನಷ್ಟು ದೂರವಾದರು.

ಪಂಜೆಯವರ ನಾಲ್ಕಾರು ಕೃತಿಗಳನ್ನು ಒಟ್ಟಿಗೆ ಇಟ್ಟು ಚಿಕ್ಕ ಮಕ್ಕಳೆದುರಿಗೆ ಓದಿದರೆ, ಅವರ ಗುಣವು ಮಕ್ಕಳಿಗೇ ಹೊಳೆಯುವದು. “ತೆಂಕಣ ಗಾಳಿಯಾಟ”ದಲ್ಲಿ ಮಾತುಗಳೇ ಗಾಳಿಯಂತೆ ಬೀಸುವವು. “ಹಾವಿನ ಹಾಡಿ”ನಲ್ಲಿ ಮಗುವು ಹಾವಿಗೆ ಹೆದರಿ ಓಡದೆ ಅದರೊಡನೆ ಮಾತಿಗಿಳಿಯುವದು. “ಹುತ್ತರಿ ಹಾಡಿ”ನಲ್ಲಿ ಕೊಡಗಿನ ಬೆಟ್ಟಗಳೂ ಸುಗ್ಗಿಯೂ ಇರುವವು. ಹಾಗಾದರೆ ಈ ಮನುಷ್ಯನು ಎಲ್ಲಿದ್ದನು, ಏನನ್ನು ಕಂಡನು ಎಂಬ ಪ್ರಶ್ನೆಯು ತಾನಾಗಿ ಏಳುವದು. ಕರಾವಳಿಯ ಸೀಮೆಯಲ್ಲಿ ಹುಟ್ಟಿದವರಾದದರಿಂದ ಮಳೆಗಾಳಿಯ ಆರ್ಭಟವು ಅವರ ಕಿವಿಯಲ್ಲಿತ್ತು. ಮಡಿಕೇರಿಯಲ್ಲಿ ದುಡಿದವರಾದದರಿಂದ ಹುತ್ತರಿಯು ಅವರ ಕಣ್ಣಲ್ಲಿತ್ತು. ಕಡಲನ್ನು ಕಾಣದ ಹುನ್ನೂರದ ಮಗುವಿಗೆ ಇಲ್ಲಿ ಎರಡು ಪಾಠಗಳು ದೊರೆಯುವವು. ತಾನು ಕಾಣದ ಕನ್ನಡನಾಡೊಂದು ಉಂಟೆಂಬದು ಒಂದು. ಕವಿಯು ತನ್ನ ಊರಿನ ಗಾಳಿಯನ್ನು ಹಾಡಿದಂತೆ, ಎರಿಯ ಹೊಲದ ಬಿಸಿಲನ್ನೂ, ಕೃಷ್ಣೆಯ ಹೊನಲನ್ನೂ, ಕಬ್ಬಿನ ಬಂಡಿಗಳ ಸಾಲನ್ನೂ ತಾನು ಹಾಡಬಹುದೆಂಬದು ಇನ್ನೊಂದು.

ಪಂಜೆಯವರ ತರುವಾಯ ಬಂದವರಲ್ಲಿ ಒಬ್ಬೊಬ್ಬರದೂ ಒಂದೊಂದು ದಾರಿ. ಕುವೆಂಪು ಅವರು ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಊರಿನ ಕಥೆಯನ್ನು ಎತ್ತಿಕೊಂಡು, ವೇಸರ್ ನದಿಯನ್ನು ಬಿಟ್ಟು, ತುಂಗೆಯ ದಂಡೆಯ ಬೊಮ್ಮನಹಳ್ಳಿಗೆ ಕಿಂದರಿಜೋಗಿಯನ್ನು ಕರೆತಂದರು. ಪರದೇಶದ ಕಥೆಯು ಕನ್ನಡದ ಕಂಬಳಿಯನ್ನು ಹೊದ್ದು ಎಷ್ಟು ಸಹಜವಾಯಿತೆಂದರೆ, ಅದು ಹೊರಗಿನದೆಂದು ಮಕ್ಕಳಿಗೆ ತೋರುವದೇ ಇಲ್ಲ. ಶಿವರಾಮ ಕಾರಂತರು (1902–1997) 1936ರಲ್ಲಿ “ಬಾಲಪ್ರಪಂಚ”ವೆಂಬ ಸಚಿತ್ರ ಜ್ಞಾನಕೋಶವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಮಕ್ಕಳ ಕುತೂಹಲಕ್ಕೆ ವಿಜ್ಞಾನವೂ ಕಥೆಯಷ್ಟೇ ರುಚಿಕರವೆಂದು ನಂಬಿ, ಪುತ್ತೂರಿನಲ್ಲಿ ನೆಲೆಸಿ ಮಕ್ಕಳ ನಾಟಕ-ಆಟಗಳಲ್ಲಿ ಬೆರೆತ ಮನುಷ್ಯನ ಸಾಹಸವಿದು. ಜಿ. ಪಿ. ರಾಜರತ್ನಂ ಅವರು ಬಣ್ಣದ ತಗಡಿನ ತುತ್ತೂರಿಯನ್ನು ಕೊಂಡು ಬೀಗಿದ ಹುಡುಗನ ಹಾಡನ್ನು ಬರೆದರು. ತುತ್ತೂರಿಯು ಕೊಳದ ನೀರಿಗೆ ಬಿದ್ದು ದನಿ ಕೆಟ್ಟಾಗ ಹುಡುಗನ ಜಂಬವೂ ಇಳಿಯಿತು. ನೀತಿಯನ್ನು ಬಾಯಿಬಿಟ್ಟು ಹೇಳದೆ ನಗೆಯಲ್ಲಿ ಕಲಿಸಿದ ಇವರು, ಪಾಲಿಯ ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತಂದ ಪಂಡಿತರೂ ಹೌದು. ಅಂಥ ಪಂಡಿತರು ತುತ್ತೂರಿಯ ಹಾಡಿಗೆ ಇಳಿದದ್ದು ಮಕ್ಕಳ ಮೇಲಿನ ಗೌರವದಿಂದಲೇ.

ವಿಜಾಪುರ ಸೀಮೆಯು ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಚಡಚಣದ ಸಿಂಪಿ ಲಿಂಗಣ್ಣನವರು (1905–1993) ಸಾಲೆಯ ಮಾಸ್ತರಿಕೆಯೊಡನೆಯೇ ಜನಪದದ ಹಾಡು-ಕಥೆಗಳನ್ನು ಕೂಡಿಹಾಕಿದರು. ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಮೊದಲಾದವರು ಸಾಲೆಯಲ್ಲಿ ಕಲಿಸುತ್ತಲೇ ಮಕ್ಕಳಿಗಾಗಿ ಬರೆದರು. ಇವರಿಗೆ ವಾಚಕರು ದೂರವಿರಲಿಲ್ಲ. ಎದುರಿನ ಮಣೆಯ ಮೇಲೆಯೇ ಕುಳಿತಿದ್ದರು. ಬಾಗಲಕೋಟೆಯು 1997ರಲ್ಲಿ ಬೇರೆ ಜಿಲ್ಲೆಯಾದರೂ, ಈ ಮಾಸ್ತರ-ಕವಿಗಳು ಎರಡೂ ಜಿಲ್ಲೆಗಳ ಮಕ್ಕಳಿಗೆ ಸ್ವಂತದವರೇ.

ಚಿತ್ರ ಬರೆದವರ ಪಾಡು ಇನ್ನೂ ಕಷ್ಟದ್ದು. ಬರೆದವರ ಹೆಸರಾದರೂ ಹೊದಿಕೆಯ ಮೇಲೆ ಬರುವದುಂಟು. ಚಿತ್ರಕಾರರ ಹೆಸರು ಎಷ್ಟೋ ಪುಸ್ತಕಗಳಲ್ಲಿ ಎಲ್ಲಿಯೂ ಸಿಗುವದಿಲ್ಲ. 1949ರ ಜುಲೈಯಲ್ಲಿ ಕನ್ನಡದಲ್ಲಿ ಹುಟ್ಟಿದ “ಚಂದಮಾಮ”ವು ಮನೆಮನೆಯ ಮಕ್ಕಳನ್ನು ಚಿತ್ರಗಳಿಂದ ಸೆಳೆಯಿತು. ಅದರ ಮುಖಪುಟದ ಮಹಾಭಾರತದ ಚಿತ್ರಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು ಕನ್ನಡಿಗರೆಂಬದನ್ನು ಆ ಚಿತ್ರಗಳನ್ನು ನೋಡಿ ಬೆಳೆದವರಲ್ಲಿ ಎಷ್ಟು ಜನರು ಬಲ್ಲರು? ಮಗುವು ಮೊದಲು ಓದುವದು ಚಿತ್ರವನ್ನು, ಆಮೇಲೆ ಅಕ್ಷರವನ್ನು. ಆದದರಿಂದ ಚಿತ್ರಕಾರನೂ ಕರ್ತೃವೇ.

ಇಷ್ಟು ಎಳೆಯ ಮಕ್ಕಳಿಗೆ ಗ್ರಂಥಕಾರರ ವಿಚಾರವೇತಕ್ಕೆ, ಹುಟ್ಟಿದ ಇಸ್ವಿ ಸತ್ತ ಇಸ್ವಿಗಳ ಹೊರೆಯೇತಕ್ಕೆ ಎಂಬ ಆಕ್ಷೇಪವು ಬರಬಹುದು. ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಕವಿಕಾವ್ಯ ಪರಿಚಯವನ್ನು ಮೇಲಿನ ಇಯತ್ತೆಗಳಲ್ಲಿ ಪರೀಕ್ಷೆಗಾಗಿ ಉರುಹೊಡೆಸುವ ರೂಢಿಯನ್ನೇ ಕೆಳಗೆ ಇಳಿಸಿದರೆ, ಇದ್ದ ಪ್ರೀತಿಯೂ ಆರಿಹೋದೀತು. ಆದರೆ ಕರ್ತೃವಿನ ಅಭ್ಯಾಸವೆಂದರೆ ಇಸ್ವಿಗಳ ಅಭ್ಯಾಸವಲ್ಲ. ಒಬ್ಬರೇ ಬರೆದ ಮೂರು ನಾಲ್ಕು ಪುಸ್ತಕಗಳನ್ನು ಒಂದು ತಿಂಗಳು ತರಗತಿಯಲ್ಲಿಡುವದು. ಅವುಗಳನ್ನು ಗಟ್ಟಿಯಾಗಿ ಓದಿ ತೋರಿಸುವದು. ಅವುಗಳಲ್ಲಿ ಮರಳಿ ಮರಳಿ ಬರುವದೇನು, ಚಿತ್ರವು ಹೇಳಿ ಮಾತು ಹೇಳದೆ ಬಿಟ್ಟದ್ದೇನು ಎಂದು ಮಕ್ಕಳಿಂದಲೇ ಹೇಳಿಸುವದು. ಕಡೆಗೆ ಮಕ್ಕಳೇ ತಮ್ಮ ಊರಿನ ಒಂದು ಸಂಗತಿಯನ್ನು ಚಿತ್ರಿಸಿ, ಎರಡು ಸಾಲು ಬರೆದು, ಕೆಳಗೆ ತಮ್ಮ ಹೆಸರನ್ನು ಹಾಕುವಂತೆ ಮಾಡುವದು. ಇಷ್ಟಕ್ಕೆ ಬೇಕಾದದ್ದು ನಾಲ್ಕು ಪುಸ್ತಕಗಳೂ ಒಬ್ಬ ಮನಸ್ಸುಳ್ಳ ಮಾಸ್ತರರೂ ಮಾತ್ರ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, ಮುಂದೆ ನಾಡಿನ ತುಂಬ ಹಬ್ಬಿದ ನಲಿಕಲಿ ಪದ್ಧತಿಯು ಚಿತ್ರಗಳ ಕಾರ್ಡುಗಳನ್ನು ಕನ್ನಡ ಸಾಲೆಯ ಎಳೆಯರ ಕೈಗೆ ಕೊಟ್ಟಿತು. ಆ ಕಾರ್ಡಿನ ಹಾಡಿನ ಹಿಂದೆ ಒಬ್ಬ ಮನುಷ್ಯನಿರುವನೆಂದು ಹೇಳುವದಕ್ಕೆ ಯಾವ ಪದ್ಧತಿಯೂ ಅಡ್ಡಿಯಾಗದು.

ಬಳೆಗಾರರ ಮನೆಯ ರನ್ನನು ತನ್ನ ಹೆಸರನ್ನೂ ಊರನ್ನೂ ಕಾವ್ಯದಲ್ಲಿ ಬರೆದಿಟ್ಟು ಸಾವಿರ ವರುಷಗಳಾದವು. ಅದೇ ಸೀಮೆಯ ಸಾಲೆಯೊಂದರಲ್ಲಿ ಏಳು ವರುಷದ ಮಗುವು ತಾನು ಬರೆದ ಎತ್ತಿನ ಚಿತ್ರದ ಕೆಳಗೆ ತನ್ನ ಹೆಸರನ್ನೂ, ಅದರ ಮಗ್ಗುಲಲ್ಲಿ “ಹುನ್ನೂರ” ಎಂಬ ಮೂರಕ್ಷರಗಳನ್ನೂ ಬರೆದರೆ, ಆ ಹಳೆಯ ಸಂಪ್ರದಾಯವು ಮರಳಿ ಮೊದಲಾದಂತೆ ತಿಳಿಯಬೇಕು. ಅಂಥ ಮಗುವನ್ನು ಮುಂದೆ “ಈ ಪದ್ಯವನ್ನು ಬರೆದವರಾರು?” ಎಂದು ಕೇಳಿದಾಗ, ಅದು ಪುಸ್ತಕವನ್ನು ತೋರಿಸದೆ ಒಬ್ಬ ಮನುಷ್ಯನ ಹೆಸರನ್ನು ಹೇಳುವದು.