ಕೆರೆ ನೀರು ಇಳಿದಾಗ ಹಕ್ಕಿಗಳ ಸಂತೆ

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎಂಬ ಮಾತು ಕನ್ನಡ ನಾಡಿನ ಹಳ್ಳಿಗಳಲ್ಲಿ ಇಂದಿಗೂ ಉಂಟು. ಚಳಿಯ ಬೆನ್ನಿಗೇ ಊರು ಬಿಡುವ ಇನ್ನೊಂದು ಬಳಗವೂ ಇದೆ. ಮೂರು ನಾಲ್ಕು ತಿಂಗಳು ಕೆರೆಗಳಲ್ಲಿ ಬೀಡುಬಿಟ್ಟಿದ್ದ ವಲಸೆ ಹಕ್ಕಿಗಳ ಬಳಗ ಅದು. ಮಾಘ ಮುಗಿದು ಫಾಲ್ಗುಣ ಕಾಲಿಡುವ ಹೊತ್ತಿಗೆ ಸೂಜಿಬಾಲದ ಬಾತು, ಚಲುಕದ ಬಾತು, ಗದ್ದೆಗೊರವಗಳು ಉತ್ತರದ ದಾರಿ ಹಿಡಿಯಲು ಅಣಿಯಾಗುತ್ತವೆ. ಅದೇ ಹೊತ್ತಿಗೆ ಇಲ್ಲಿಯವೇ ಆದ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿಗಳನ್ನು ಸಾಕುತ್ತಿರುತ್ತವೆ. ಹೊರಟು ನಿಂತ ಅತಿಥಿಗಳು, ಬಾಣಂತನದ ಗಡಿಬಿಡಿಯಲ್ಲಿರುವ ಮನೆಯವರು, ಇಬ್ಬರೂ ಒಟ್ಟಿಗೆ ಕಾಣಸಿಗುವುದು ವಸಂತದ ಹೊಸ್ತಿಲಿನ ಈ ಕೆಲವೇ ವಾರಗಳಲ್ಲಿ. ಪಕ್ಷಿವೀಕ್ಷಕರು ಫೆಬ್ರವರಿ, ಮಾರ್ಚ್ ತಿಂಗಳ ಮುಂಜಾನೆಗಳಲ್ಲಿ ದುರ್ಬೀನು ಹಿಡಿದು ಕೆರೆ ಏರಿ ಹತ್ತುವುದು ಈ ಕಾರಣಕ್ಕಾಗಿಯೇ.

ಏರಿಯ ಮೇಲೆ ನಿಂತವರ ಕಣ್ಣು ಸಹಜವಾಗಿ ನೀರಿನ ಮೇಲಿರುತ್ತದೆ. ಕಾಲ ಕೆಳಗಿನ ಏರಿಯತ್ತ ಗಮನ ಹರಿಯುವುದು ಕಡಿಮೆ. ಆದರೆ ಈ ಹಕ್ಕಿಗಳ ಕಥೆ ಆರಂಭವಾಗುವುದು ಆ ಏರಿಯಿಂದಲೇ. ನಮ್ಮ ಬಯಲುಸೀಮೆಯಲ್ಲಿ ನಿಸರ್ಗವೇ ನಿರ್ಮಿಸಿದ ಸರೋವರಗಳು ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿರುವುದು ಕೆರೆಗಳು, ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಹೊಲಗದ್ದೆಗಳಿಗಾಗಿ ಮನುಷ್ಯರು ಹಿಡಿದಿಟ್ಟ ಮಳೆನೀರು. ಸಾವಿರಾರು ಮೈಲಿ ದಾಟಿ ಬರುವ ಹಕ್ಕಿಗಳಿಗೆ ಬಯಲುಸೀಮೆಯಲ್ಲಿ ನೆಲೆ ಸಿಕ್ಕಿದ್ದು ರೈತನ ನೀರಾವರಿಯಿಂದ.

ತೂಬು ಬರೆದ ಪಂಚಾಂಗ

ಕೆರೆಯ ವರ್ಷಕ್ಕೆ ಒಂದು ಲಯವಿತ್ತು. ಆಶ್ವಯುಜ, ಕಾರ್ತಿಕದ ಮಳೆಗೆ ಕೆರೆ ತುಂಬುತ್ತದೆ. ಹೆಚ್ಚಾದ ನೀರು ಕೋಡಿ ಬಿದ್ದು ಕೆಳಗಿನ ಕೆರೆಗೆ ಹರಿಯುತ್ತದೆ. ವಲಸೆಯ ಬಾತುಗಳು ಬಂದಿಳಿಯುವುದು ಆಗಲೇ. ಅನಂತರ ತೂಬು ತೆಗೆದು ಅಚ್ಚುಕಟ್ಟಿನ ಪೈರಿಗೆ ನೀರು ಬಿಡುತ್ತಾರೆ. ನೀರು ದಿನದಿನಕ್ಕೂ ಇಳಿಯುತ್ತ, ಮಾಘದ ಕೊನೆಗೆ ಕೆರೆಯ ಅಂಚಿನಲ್ಲಿ ವಿಶಾಲವಾದ ಕೆಸರು ಬಯಲು ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಹುಳು, ಸಿಗಡಿ, ಬಸವನಹುಳುಗಳ ರಾಶಿ. ಇಳಿದ ನೀರಿನಲ್ಲಿ ಮೀನುಗಳ ದಟ್ಟಣೆ.

ದೂರ ಪ್ರಯಾಣಕ್ಕೆ ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕಾದ ಗದ್ದೆಗೊರವಗಳಿಗೆ ಈ ಕೆಸರೇ ಬುತ್ತಿ. ಮರಿಗಳಿಗೆ ಮೀನು ಒಯ್ಯಬೇಕಾದ ಕೊಕ್ಕರೆಗಳಿಗೆ ಈ ಆಳವಿಲ್ಲದ ನೀರೇ ಸಂತೆ. ಮೆಟ್ಟುಗಾಲು ಹಕ್ಕಿಗೆ ಗೇಣುದ್ದದ ನೀರು, ಗದ್ದೆಗೊರವಕ್ಕೆ ಬರಿಯ ತೇವ, ಗುಳುಮುಳುಕಕ್ಕೆ ಮುಳುಗುವಷ್ಟು ಆಳ. ಇಳಿಯುತ್ತಿರುವ ಕೆರೆಯೊಂದು ಈ ಎಲ್ಲ ಅಂತಸ್ತುಗಳನ್ನೂ ಏಕಕಾಲಕ್ಕೆ ಒದಗಿಸುತ್ತದೆ. ಬೇಸಿಗೆ ಬಲಿತ ಮೇಲೆ ಊರವರು ಗಾಡಿ ಕಟ್ಟಿಕೊಂಡು ಬಂದು ಹೂಳು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಮತ್ತೆ ಆಳ ಬಂತು.

ಈ ಲಯ ತನ್ನಷ್ಟಕ್ಕೆ ನಡೆದದ್ದಲ್ಲ. ಕೆರೆ ಕಟ್ಟಿಸಿದವರಂತೆಯೇ ಅದನ್ನು ಕಾಪಾಡಲು ವ್ಯವಸ್ಥೆ ಮಾಡಿದವರನ್ನೂ ನಮ್ಮ ಶಾಸನಗಳು ಸ್ಮರಿಸುತ್ತವೆ. ಕೆರೆಯ ದುರಸ್ತಿಗೆಂದು ಬಿಟ್ಟುಕೊಟ್ಟ ಭೂಮಿ ಅಥವಾ ಆದಾಯದ ಪಾಲಿಗೆ ‘ಬಿತ್ತುವಟ್ಟ’ ಎಂಬ ಹೆಸರೇ ಇತ್ತು. ತೂಬು ತೆಗೆದು ಮುಚ್ಚಿ, ಸರದಿಯಂತೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. 19ನೇ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕಲು ಸಾಕಷ್ಟು ಜಾಣ್ಮೆ ಬೇಕು ಎಂಬ ಅರ್ಥದಲ್ಲಿ ಬರೆದಿದ್ದ. ಅಷ್ಟರಮಟ್ಟಿಗೆ ಒಂದೊಂದು ಹಳ್ಳವನ್ನೂ ನಮ್ಮ ಹಿಂದಿನವರು ಕಟ್ಟಿ ಮುಗಿಸಿದ್ದರು.

ಹೊಲಕ್ಕಿಳಿವ ಅತಿಥಿ, ತವರಿಗೆ ಬಂದ ಮಗಳು

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 50 ಹೆಕ್ಟೇರ್ ವಿಸ್ತಾರದ ಈ ಕೆರೆ ನೀರಾವರಿಗೆಂದು ಕಟ್ಟಿದ್ದು. ಪ್ರತಿ ಚಳಿಗಾಲದಲ್ಲಿ ಇಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಈ ಹಕ್ಕಿ ಹಿಮಾಲಯವನ್ನೇ ದಾಟಿ ಬರುತ್ತದೆ. 7,000 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಸಂಖ್ಯೆಯ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ.

ಹಗಲೆಲ್ಲ ಕೆರೆಯ ನಡುವೆ ವಿಶ್ರಮಿಸುವ ಹೆಬ್ಬಾತುಗಳು ಕತ್ತಲಾದೊಡನೆ ಸುತ್ತಲಿನ ಹೊಲಗಳಿಗಿಳಿದು ಮೇಯುತ್ತವೆ. ರೈತನಿಗೆ ಇದು ನಷ್ಟವೇ. ಹೊಲದೊಡೆಯನ ಸಹನೆಯ ಲೆಕ್ಕ ಹಕ್ಕಿ ನೋಡಲು ಬಂದವರ ಟಿಪ್ಪಣಿ ಪುಸ್ತಕದಲ್ಲಿ ಸೇರುವುದು ಅಪರೂಪ. ಆದರೆ ಆ ಸಹನೆ ಇಲ್ಲದಿದ್ದರೆ ನೋಡಲು ಹಕ್ಕಿಯೇ ಇರುವುದಿಲ್ಲ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಸಂಬಂಧ ಇನ್ನೂ ಆಪ್ತವಾದದ್ದು. ಇಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರೊಳಗಿನ ಹುಣಸೆ, ಆಲ, ಅರಳಿ ಮರಗಳಲ್ಲಿ, ಮನೆಗಳ ಸೂರಿನ ಪಕ್ಕದಲ್ಲೇ. ಸುಮಾರು 1916ರಲ್ಲಿ ಪ್ಲೇಗಿಗೆ ಹೆದರಿ ಊರವರು ಶಿಂಷಾ ನದಿಯ ದಂಡೆಯಿಂದ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಊರವರ ಪಾಲಿಗೆ ಇವು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳು. ಭಾವನೆಯ ಜೊತೆಗೆ ಲಾಭವೂ ಇತ್ತು. ಮರದ ಬುಡದಲ್ಲಿ ಗುಂಡಿ ತೋಡಿ, ಹಿಕ್ಕೆಯನ್ನು ಮಣ್ಣಿನೊಂದಿಗೆ ಬೆರೆಸಿ ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಿದ್ದರು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮೂಲಕ ಈ ಊರು ಹೊರಜಗತ್ತಿನ ಗಮನಕ್ಕೆ ಬಂತು. ಗೂಡಿರುವ ಮರಗಳ ಒಡೆಯರಿಗೆ ಸರ್ಕಾರ ಪರಿಹಾರಧನ ಕೊಡುವ ಪದ್ಧತಿ ಆರಂಭವಾಯಿತು. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಆದರೆ ಗೂಡು ಊರಿನಲ್ಲಿದ್ದರೂ ಮೀನು ಸಿಗಬೇಕಾದದ್ದು ಸುತ್ತಲಿನ ಕೆರೆ ಹೊಳೆಗಳಲ್ಲಿ. 2017ರ ಕೊನೆಯಲ್ಲಿ ಆರಂಭವಾಗಿ 2018ರವರೆಗೆ ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಯೊಳಗಿನ ಜಂತುಹುಳು. ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುವ ಹುಳು ಅದು. ಮರ ಉಳಿಸಿದರಷ್ಟೇ ಸಾಲದು, ನೀರೂ ಉಳಿಯಬೇಕು ಎಂಬ ಪಾಠವನ್ನು ಊರು ಕಲಿತದ್ದು ಹೀಗೆ.

ಬಂದೂಕಿನಿಂದ ಗಣತಿಗೆ

ಹಕ್ಕಿ ನೋಡುವ ಹವ್ಯಾಸಕ್ಕೂ ತನ್ನದೇ ಇತಿಹಾಸವಿದೆ. 1860ರ ದಶಕದಲ್ಲಿ ಭಾರತದ ಹಕ್ಕಿಗಳ ಬಗ್ಗೆ ಗ್ರಂಥ ಪ್ರಕಟಿಸಿದ ಟಿ.ಸಿ. ಜೆರ್ಡನ್ ಸೇನೆಯ ವೈದ್ಯ. ಅಂದಿನ ಪಕ್ಷಿಶಾಸ್ತ್ರ ಬಂದೂಕಿನ ಶಾಸ್ತ್ರ. ಹೊಡೆದು, ಚರ್ಮ ಸುಲಿದು, ಅಳತೆ ಬರೆದಿಡುವುದೇ ಕ್ರಮವಾಗಿತ್ತು. ಕೆರೆಗಳಲ್ಲಿ ಬಾತುಗಳ ಬೇಟೆ ಅಧಿಕಾರಿಗಳ ಮೋಜು. ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳ ಸಂಸಾರ ಕಂಡು, ಅವನ್ನು ಕಾಯಬೇಕೆಂದು ಅರಮನೆಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆ ನಡುಗಡ್ಡೆಗಳಿಗೂ ಮನುಷ್ಯನ ಕೈ ತಗಲಿದೆ. ಕಂಠೀರವ ನರಸರಾಜ ಒಡೆಯರು 1645–48ರ ಅವಧಿಯಲ್ಲಿ ಕಾವೇರಿಗೆ ಒಡ್ಡು ಕಟ್ಟಿಸಿದ್ದರಿಂದ ಅವು ಮೂಡಿದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬಂದೂಕು ಹಿಂದೆ ಸರಿಯಿತು, ದುರ್ಬೀನು ಮುಂದೆ ಬಂತು. 1987ರಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಆರಂಭವಾಯಿತು. ಪ್ರತಿ ಜನವರಿಯಲ್ಲಿ ಹವ್ಯಾಸಿಗಳು ಕೆರೆಗಳನ್ನು ಹಂಚಿಕೊಂಡು ತಲೆ ಎಣಿಸತೊಡಗಿದರು. ಬೆಂಗಳೂರಿನ ಸುತ್ತಲಿನ ಕೆರೆಗಳಲ್ಲೂ ಈ ಎಣಿಕೆ ನಡೆಯಿತು. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಜಾಗತಿಕ ಹಿತ್ತಲ ಹಕ್ಕಿ ಗಣತಿಯಲ್ಲಿ 2013ರಿಂದ ಭಾರತದವರೂ ಭಾಗವಹಿಸುತ್ತಿದ್ದಾರೆ. ಒಂದು ಮುಂಜಾನೆ ಬರೆದಿಟ್ಟ ಪಟ್ಟಿ ಸಣ್ಣದೆನಿಸಬಹುದು. ಹತ್ತಿಪ್ಪತ್ತು ವರ್ಷಗಳ ಪಟ್ಟಿಗಳನ್ನು ಜೋಡಿಸಿದರೆ ಅದು ಕೆರೆಯ ಆರೋಗ್ಯದ ದಾಖಲೆ.

ತುಂಬಿದ ಕೆರೆ, ಇಲ್ಲದ ಹಕ್ಕಿ

ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಉಳಿದ ಕೆರೆಗಳ ರಕ್ಷಣೆಗೆ ದಾರಿ ಸೂಚಿಸಲು 1985ರಲ್ಲಿ ಎನ್. ಲಕ್ಷ್ಮಣರಾವ್ ಸಮಿತಿ ನೇಮಕವಾಯಿತು. ಹೀಗೆ ಅಳಿದ ಕೆರೆಗಳು ಎಲ್ಲರಿಗೂ ಕಾಣುತ್ತವೆ. ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ. ಕೊಳವೆಬಾವಿ ಬಂದ ಮೇಲೆ ಎಷ್ಟೋ ಊರುಗಳಲ್ಲಿ ತೂಬು ತೆಗೆಯುವವರಿಲ್ಲ, ಹೂಳು ಹೊರುವವರಿಲ್ಲ. ನಗರದಲ್ಲಿ ಅಚ್ಚುಕಟ್ಟೇ ಬಡಾವಣೆಯಾಗಿದೆ. ಚರಂಡಿ ನೀರು ಹರಿದು ಕೆರೆ ವರ್ಷವಿಡೀ ತುಂಬಿಯೇ ಇರುತ್ತದೆ. ಅಭಿವೃದ್ಧಿಯ ಹೆಸರಿನಲ್ಲಿ ಅಂಚಿನವರೆಗೂ ಒಂದೇ ಆಳಕ್ಕೆ ತೋಡಿ, ಸುತ್ತ ಕಲ್ಲು ಕಟ್ಟಿದ ಕೆರೆಗಳೂ ಇವೆ. ನೀರು ನೋಡಲು ಚೆಂದ. ಆದರೆ ಫಾಲ್ಗುಣದಲ್ಲಿ ಇಳಿಯದ ಕೆರೆಗೆ ಕೆಸರಿಲ್ಲ. ಕೆಸರಿಲ್ಲದಲ್ಲಿ ಗದ್ದೆಗೊರವಕ್ಕೆ ಬುತ್ತಿಯಿಲ್ಲ.

ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ್ದು 2022ರಲ್ಲಿ ರಂಗನತಿಟ್ಟು. 2024ರ ಆರಂಭದಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಸೇರಿದವು. ಈ ನಾಲ್ಕರಲ್ಲಿ ನಿಸರ್ಗವೇ ರೂಪಿಸಿದ್ದು ಅಘನಾಶಿನಿ ಒಂದೇ. ಮಾಗಡಿ, ಅಂಕಸಮುದ್ರ ಎರಡೂ ಊರವರ ನೀರಾವರಿ ಕೆರೆಗಳು. ರಂಗನತಿಟ್ಟು ಅರಸನ ಒಡ್ಡಿನ ಕೊಡುಗೆ. ಜನರನ್ನು ದೂರವಿಟ್ಟು ಬೇಲಿ ಹಾಕಿದರೆ ಹಕ್ಕಿ ಉಳಿಯುತ್ತದೆ ಎಂಬ ಲೆಕ್ಕ ಇಂಥ ಕೆರೆಗಳಿಗೆ ಒಪ್ಪುವುದಿಲ್ಲ. ಜನರ ಕೆಲಸ ನಡೆಯುತ್ತಿದ್ದಷ್ಟು ಕಾಲ ಇಲ್ಲಿ ಹಕ್ಕಿಗಳಿಗೂ ಪಾಲಿತ್ತು. ಈ ವಸಂತದಲ್ಲಿ ಕೆರೆಗೆ ಹೋದವರು ಹಕ್ಕಿಗಳನ್ನು ಎಣಿಸಿದ ಮೇಲೆ ತೂಬಿನ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು. ಬರುವ ಕಾರ್ತಿಕದಲ್ಲಿ ಎಷ್ಟು ಹಕ್ಕಿಗಳು ಮರಳುತ್ತವೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.